ಬಿಚ್ಚುವ ಅಧಿಕಾರ

ಬ್ರೆಡ್ಡಿನಂಗಡಿಯವಳು ಬಾಗಿಲನ್ನು ಗೇಣಷ್ಟೇ ತೆರೆದು, ಮೈಯನ್ನು ಒಳಗೇ ಇಟ್ಟುಕೊಂಡು ಮಾತಾಡಿದಳು.

“ತಪ್ಪು ತಿಳ್ಕೋಬೇಡ ಕಣೇ. ನಮ್ಮವರಿಗೆ ಸೊಂಟ ಹಿಡ್ಕೊಂಡಿದೆ. ಇಲ್ಲಾಂದ್ರೆ ಹೆಗಲು ಕೊಡೋಕೆ ಬರ್ತಿರ್ಲಿಲ್ವಾ?”

ಒಳಗೆ ಅವಳ ಗಂಡ ಹಿಟ್ಟಿನ ಮೂಟೆ ಎತ್ತಿಹಾಕಿದ ಸದ್ದು ಇಬ್ಬರಿಗೂ ಕೇಳಿಸಿತು. ಅಂಗಡಿಯವಳು ಮುಖ ತಗ್ಗಿಸಿದಳು. “ಹೆದರಿಕೆ ಆಗುತ್ತೆ,” ಎಂದು ಪಿಸುಗುಟ್ಟಿ ಬಾಗಿಲು ಮುಚ್ಚಿದಳು. ಅವಳ ಎಲ್ಲ ಹೆರಿಗೆಗಳನ್ನೂ ಮಾಡಿಸಿದ ಸೂಲಗಿತ್ತಿ ಈಗ ಹೆಣವಾಗಿ ಮಲಗಿದ್ದಳು. ಬಾಗಿಲು ತಟ್ಟಿದವಳು ಆ ಸೂಲಗಿತ್ತಿಯ ಒಬ್ಬಳೇ ಮಗಳು.

ಮಗಳು ಏಳು ತಿಂಗಳ ಬಸುರಿ. ಬೀದಿಯಲ್ಲಿ ಒಂದು ಕಿಟಕಿಯೂ ತೆರೆದಿರಲಿಲ್ಲ. ಆದರೂ ಪರದೆಗಳ ಹಿಂದೆ ಕಣ್ಣುಗಳಿವೆಯೆಂದು ಅವಳ ಬೆನ್ನಿಗೆ ಗೊತ್ತಾಗುತ್ತಿತ್ತು. ಮನೆಗೆ ಬಂದರೆ, ಬಡಗಿಯಾದ ಗಂಡ ನಡುಮನೆಯಲ್ಲಿ ಶವಪೆಟ್ಟಿಗೆಯ ಮುಚ್ಚಳಕ್ಕೆ ಉಜ್ಜುಗೊರಡು ಹಿಡಿಯುತ್ತಿದ್ದ. ಮುಚ್ಚಳ ಆಗಲೇ ನುಣ್ಣಗಾಗಿತ್ತು.

“ಯಾರೂ ಬರಲ್ವಾ?”

“ಇಲ್ಲ.”

“ನಿಜ ಹೇಳ್ಲಾ? ನನಗೂ ಭಯಾನೇ. ಪೆಟ್ಟಿಗೆ ಮಾಡೋದು ಬೇರೆ, ಹೊರೋದು ಬೇರೆ. ಹೊತ್ತವರಿಗೂ ಅದೇ ಶಾಪ ಅಂದಿದ್ರಲ್ಲ ಹಳೇ ಪಾದ್ರಿಗಳು. ನನಗೆ ತಟ್ಟಿದ್ರೆ ತಟ್ಟಲಿ. ಆದ್ರೆ…” ಅವನು ಅವಳ ಹೊಟ್ಟೆಯ ಕಡೆ ನೋಡಿದ.

*

ಅದು ಮಗಳು ಇನ್ನೂ ಲಂಗ ತೊಡುತ್ತಿದ್ದ ಕಾಲ. ಬಟ್ಟೆ ಒಗೆಯುವ ಮನೆಯ ಹಿಂದಿನ ಕೋಣೆಯಲ್ಲಿ, ಮದುವೆಯಿಲ್ಲದೆ ಬಸುರಾದ ಹುಡುಗಿಯೊಬ್ಬಳು ನೋವು ತಿನ್ನುತ್ತಿದ್ದಳು. ಮಗು ಉಳಿಯಲಿಲ್ಲ. ರಕ್ತ ನಿಲ್ಲಲಿಲ್ಲ. ಸೂಲಗಿತ್ತಿ ಪಾದ್ರಿಗೆ ಹೇಳಿಕಳಿಸಿದಳು. ಗಂಡಸಿನ ಹೆಸರನ್ನು ಸಭೆಯ ಮುಂದೆ ಹೇಳದ ಹೊರತು ಬರುವುದಿಲ್ಲವೆಂದು ಉತ್ತರ ಬಂತು.

“ಅಮ್ಮಾ, ನಾನು ನರಕಕ್ಕೆ ಹೋಗ್ತೀನಾ?” ಎಂದು ಹುಡುಗಿ ಕೇಳಿದಳು.

ಸಾವನ್ನು ಎಷ್ಟೋ ಸಲ ಕಂಡಿದ್ದ ಸೂಲಗಿತ್ತಿಗೆ ಆ ಕಣ್ಣುಗಳನ್ನು ನೋಡಲಾಗಲಿಲ್ಲ. ಒದ್ದೆ ಕೈಯನ್ನೇ ಅವಳ ನೆತ್ತಿಯ ಮೇಲಿಟ್ಟಳು. “ಇಲ್ಲ ಮಗಳೇ. ನಿನ್ನ ಪಾಪ ಕ್ಷಮಿಸಿ ಆಯ್ತು. ನಾನು ಹೇಳ್ತಿದೀನಲ್ಲ, ಮಲಗು.”

ಮುಂದಿನ ಭಾನುವಾರ ಪಾದ್ರಿ ಅವಳನ್ನು ಎಲ್ಲರೆದುರು ನಿಲ್ಲಿಸಿದರು. “ಯಾವ ಅಧಿಕಾರದಿಂದ ಹಾಗೆ ಹೇಳಿದೆ?”

“ಅಧಿಕಾರ ಇತ್ತೋ ಇಲ್ಲವೋ ಗೊತ್ತಿಲ್ಲ ಪಾದ್ರಿಗಳೇ. ಅವಳಿಗೆ ತುಂಬಾ ಹೆದರಿಕೆ ಆಗಿತ್ತು.”

ಪಾಪದ ಕಟ್ಟನ್ನು ಕಟ್ಟುವ ಅಧಿಕಾರ, ಬಿಚ್ಚುವ ಅಧಿಕಾರ ಎರಡೂ ತನಗೆ ಕೊಟ್ಟದ್ದೆಂದು ಹೇಳಿ ಪಾದ್ರಿ ಅವಳಿಗೆ ಬಹಿಷ್ಕಾರ ಹಾಕಿದರು. ಅವಳೊಂದಿಗೆ ಯಾರೂ ಉಣ್ಣಬಾರದು, ಸತ್ತರೆ ಹೊರಬಾರದು. ಆಮೇಲೂ ಜನ ಹೆರಿಗೆಗೆ ಅವಳನ್ನು ಕರೆದರು, ಹಿತ್ತಿಲ ಬಾಗಿಲಿನಿಂದ. ಆ ಬಹಿಷ್ಕಾರದ ಕಟ್ಟನ್ನು ಬಿಚ್ಚದೆಯೇ ಪಾದ್ರಿ ತೀರಿಕೊಂಡರು. ಅಂದಿನಿಂದ ಸೂಲಗಿತ್ತಿ ಮಗಳ ಜಡೆ ಹೆಣೆಯುತ್ತ ಒಮ್ಮೊಮ್ಮೆ ಕೈ ನಿಲ್ಲಿಸಿ ಕೇಳುತ್ತಿದ್ದಳು: “ಅವರು ಹೇಳಿದ್ದು ನಿಜ ಆಗಿದ್ರೆ ಏನೇ ಮಾಡೋದು? ಆ ಹುಡುಗಿಗೆ ನಾನು ಸುಳ್ಳು ಹೇಳಿದ ಹಾಗಾಯ್ತಲ್ಲ.”

*

ಬಿಸಿಲೇರುವ ಹೊತ್ತಿಗೆ ಹೊಸ ಪಾದ್ರಿ ಬಂದರು. ಚಿಕ್ಕ ವಯಸ್ಸು. ಹೊಸ್ತಿಲ ಹೊರಗೇ ನಿಂತರು.

“ಕಟ್ಟಿದವರು ಹೋಗಿಬಿಟ್ರು ಅಮ್ಮಾ. ಅವರು ಕಟ್ಟಿದ್ದನ್ನ ಬಿಚ್ಚೋಕೆ ನಾನ್ಯಾರು? ಮೇಲಿನವರನ್ನ ಕೇಳ್ಬೇಕು.”

“ಅಲ್ಲಿವರೆಗೆ ಅಮ್ಮ ಕಾಯ್ತಾಳಾ ಪಾದ್ರಿಗಳೇ, ಈ ಸೆಖೆಯಲ್ಲಿ?”

ಅಷ್ಟರಲ್ಲಿ ಪಕ್ಕದ ಬೀದಿಯ ಯೆಹೂದಿ ಸಭಾಮಂದಿರದ ಮುದಿ ರಬ್ಬಿ ಏದುಸಿರು ಬಿಡುತ್ತ ಒಳಬಂದ. ಅವನ ಮೊಮ್ಮಕ್ಕಳೂ ಸೂಲಗಿತ್ತಿಯ ಕೈಯಲ್ಲೇ ಹುಟ್ಟಿದವರು. ವಿಷಯ ಕೇಳಿ ಗಡ್ಡ ನೀವಿಕೊಂಡ.

“ನಿಮ್ಮ ಮನೆ ವಿಚಾರದಲ್ಲಿ ನಾನು ಬಾಯಿ ಹಾಕಬಾರದು. ನಮ್ಮಲ್ಲಾದ್ರೆ, ಇಂಥ ಕಟ್ಟನ್ನ ಮೂರು ಜನ ಕೂತು ಬಿಚ್ಚಬಹುದು ಅಂತಾರೆ. ಪಂಡಿತರೇ ಆಗಬೇಕಂತಿಲ್ಲ. ಇದಕ್ಕೂ ಎದುರುವಾದ ಮಾಡೋರಿದ್ದಾರೆ ಅನ್ನಿ. ವಾದ ಇಲ್ಲದ ವಿಷಯ ನಮ್ಮಲ್ಲಿ ಒಂದೂ ಇಲ್ಲ.”

ಪಾದ್ರಿ ಹೊಸ್ತಿಲನ್ನೇ ನೋಡುತ್ತ ಹೇಳಿದರು: “ಕಟ್ಟೋ ಬಿಚ್ಚೋ ಮಾತು ನಮ್ಮ ಸುವಾರ್ತೆಯಲ್ಲಿ ಎರಡು ಕಡೆ ಬರುತ್ತೆ. ಒಂದು ಕಡೆ ಒಬ್ಬ ಶಿಷ್ಯನಿಗೆ. ಇನ್ನೊಂದು ಕಡೆ ಎಲ್ಲರಿಗೂ. ಹಳೇ ಪಾದ್ರಿಗಳು ಯಾವಾಗಲೂ ಮೊದಲನೇದನ್ನೇ ಓದ್ತಿದ್ರು.”

“ನೀವು?” ಎಂದಳು ಮಗಳು.

“ನಾನೂ ಅದನ್ನೇ.” ಅವರು ನಿಲುವಂಗಿ ಕಳಚಿ ಬಾಗಿಲ ಹೊರಗಿನ ಗೂಟಕ್ಕೆ ನೇತುಹಾಕಿ ಹೊಸ್ತಿಲು ದಾಟಿದರು. “ಪಾದ್ರಿಯಾಗಿ ನನಗೆ ಧೈರ್ಯ ಇಲ್ಲ. ಮೂವರಲ್ಲಿ ಒಬ್ಬನಾಗಿ ಕೂರ್ತೀನಿ.”

ಮಗಳು ಅವರ ಪಕ್ಕದಲ್ಲಿ ಕೂತಳು. ಇಬ್ಬರೂ ಬಡಗಿಯ ಕಡೆ ನೋಡಿದರು.

“ಮಗೂಗೆ ಏನಾದ್ರೂ ಆದ್ರೆ?” ಎಂದ ಅವನು.

“ನನಗೂ ಅದೇ ಭಯ ರೀ. ಆದ್ರೆ ಅಮ್ಮನ್ನ ಹೀಗೇ ಬಿಟ್ಟು, ನಾಳೆ ಯಾವ ಮುಖ ಇಟ್ಕೊಂಡು ಹೆರಲಿ?”

ಅವನು ಉಜ್ಜುಗೊರಡು ಕೆಳಗಿಟ್ಟು ಬಂದು ಕೂತ. ರಬ್ಬಿ ಹೇಳಿಕೊಟ್ಟಂತೆ ಮೂವರೂ ಹೆಣದ ಮುಂದೆ ಮೂರು ಸಲ ಹೇಳಿದರು: ಬಿಚ್ಚಿದೆ, ಬಿಚ್ಚಿದೆ, ಬಿಚ್ಚಿದೆ. ಏನೂ ಆಗಲಿಲ್ಲ. ನೊಣವೊಂದು ಮುಚ್ಚಳದ ಮೇಲೆ ಕೂತು ಎದ್ದುಹೋಯಿತು. ಭಯ ಇದ್ದಲ್ಲೇ ಇತ್ತು.

“ಹೊರೋಕೆ ನಾನೂ ಬರ್ತೀನಿ,” ಎಂದ ರಬ್ಬಿ. “ಅದಕ್ಕೆ ಗಟ್ಟಿ ಸೊಂಟ ಇದ್ರೆ ಸಾಕು. ನನಗೆ ಅದೂ ಇಲ್ಲ.”

ಪೆಟ್ಟಿಗೆಯ ನಾಲ್ಕನೆಯ ಮೂಲೆಗೆ ಯಾರೂ ಇರಲಿಲ್ಲ. ಗಂಡ ಬೇಡವೆನ್ನುವಷ್ಟರಲ್ಲಿ ಮಗಳೇ ಹೆಗಲು ಕೊಟ್ಟಳು.

ಇಗರ್ಜಿಯ ಮುಂದೆ ಹಾಯುವಾಗ ಪಾದ್ರಿಯ ಕಾಲು ತಡವರಿಸಿತು. ಪೆಟ್ಟಿಗೆ ವಾಲಿತು. ಎಲ್ಲರೂ ಉಸಿರು ಬಿಗಿಹಿಡಿದು ಅದನ್ನು ನೆಟ್ಟಗಾಗಿಸಿದರು. ಆ ಎಳೆದಾಟದಲ್ಲಿ ರಬ್ಬಿಯ ಟೋಪಿ ಧೂಳಿಗೆ ಬಿತ್ತು. ಬಾಗಿ ಎತ್ತಿಕೊಳ್ಳಲು ಯಾರ ಕೈಯೂ ಬಿಡುವಾಗಿರಲಿಲ್ಲ. ಅವರು ಮುಂದೆ ಹೋದರು.

ಒಂದು ಮನೆಯ ಬಾಗಿಲು ತೆರೆಯಿತು. ಹೆಂಗಸೊಬ್ಬಳು ಹೊರಬಂದು, ಎಡಬಲ ನೋಡಿ, ಟೋಪಿಯನ್ನೆತ್ತಿ ಸೆರಗಿನಿಂದ ಒರೆಸಿದಳು. ಟೋಪಿಯನ್ನು ಎರಡೂ ಕೈಯಲ್ಲಿ ಎದೆಗವಚಿಕೊಂಡು, ಗೋಡೆಗೆ ಒತ್ತಿಕೊಂಡೇ, ಅವರ ಹಿಂದೆ ನಡೆಯತೊಡಗಿದಳು.