ಗೋಡೆಯಾಚೆ ಕೇಳಿದ ಪಾಠ

ಊರಲ್ಲಿ ಒಬ್ಬರಿಗೆ ಲಕ್ವಾ ಹೊಡೆದರೆ ಸಾಕು, ಊರಿಗೆ ಊರೇ ಡಾಕ್ಟರಾಗಿಬಿಡುತ್ತದೆ. ಒಬ್ಬರು ಪಾರಿವಾಳದ ರಕ್ತ ಹಚ್ಚು ಅನ್ನುತ್ತಾರೆ. ಇನ್ನೊಬ್ಬರು ಗಾಳಿ ಸೋಕಿಸಬೇಡ ಅನ್ನುತ್ತಾರೆ. ಮೂರನೆಯವರು ಎಲ್ಲೋ ಗಡಿಯಾಚೆ ಬೇರು ಕೊಡುವವರ ವಿಳಾಸ ಹೇಳಿ, ಚಹಾ ಕುಡಿದು, ಎದ್ದು ಹೋಗುತ್ತಾರೆ. ಭಂಕೂರದ ಪೀರಪ್ಪನ ಮನೆಯಲ್ಲೂ ಹಾಗೇ ಆಯಿತು.

ಪೀರಪ್ಪ ಕಲ್ಲಿನ ಖಣಿಯ ಕೆಲಸಗಾರ. ನೆಲದೊಳಗಿನ ಫರ್ಶಿಕಲ್ಲನ್ನು ಒಡೆಯದಂತೆ ಪದರು ಪದರಾಗಿ ಎಬ್ಬಿಸುವುದರಲ್ಲಿ ಅವನನ್ನು ಮೀರಿಸುವವರು ಸುತ್ತಮುತ್ತ ಯಾರೂ ಇರಲಿಲ್ಲ. ಒಂದು ಮುಂಜಾನೆ ಅವನ ಕೈಯೊಳಗಿನ ಚಹಾದ ಬಸಿ ಜಾರಿತು, ಬಾಯಿ ಒಂದು ಕಡೆ ವಾಲಿತು, ಮಾತು ತೊದಲಿತು. ಬಲಗೈ ಬಲಗಾಲು ಜೋತು ಬಿದ್ದವು. ಪುಣ್ಯಕ್ಕೆ ಮಗ್ಗುಲ ಮನೆಯ ಮುನಾಫ ತಡಮಾಡದೆ ೧೦೮ಕ್ಕೆ ಫೋನ್ ಮಾಡಿ ಕಲಬುರಗಿಯ ದೊಡ್ಡ ದವಾಖಾನೆಗೆ ಸೇರಿಸಿದ. ಜೀವ ಉಳಿಯಿತು. ಮನೆಗೆ ಕಳಿಸುವಾಗ ಅಲ್ಲಿನವರು, “ಬಿ.ಪಿ. ಗುಳಿಗಿ ಬಿಡಬ್ಯಾಡ್ರಿ, ಫಿಜಿಯೋಥೆರಪಿಗೆ ತಪ್ಪದ ಕರಕೊಂಡು ಬರ್ರಿ” ಎಂದು ಹೇಳಿದ್ದರು. ಪೀರಪ್ಪನ ಹೆಂಡತಿ ಮರೆಮ್ಮ ಗುಳಿಗೆ ಬಿಡಲಿಲ್ಲ. ಆದರೆ ಕೈಕಾಲೇ ಎತ್ತಲಾರದ ಮನುಷ್ಯನಿಗೆ ಎಂಥ ವ್ಯಾಯಾಮ ಎಂದು ಎರಡನೆಯ ಮಾತನ್ನು ಬಿಟ್ಟಳು.

ಪೀರಪ್ಪನ ಅಣ್ಣ ದೇವಿಂದ್ರಪ್ಪನದು ಮನೆಯಲ್ಲಿ ಹಿರಿತನ. “ಲಕ್ವಾಕ್ಕ ಗಾಳಿ ಆಗಲ್ಲ” ಎಂದು ಅವನೇ ಒಳಗಿನ ಕತ್ತಲೆ ಖೋಲಿಯಲ್ಲಿ ಹಾಸಿಗೆ ಹಾಕಿಸಿದ, ಕಿಟಕಿಗೆ ಗೋಣಿತಟ್ಟು ಕಟ್ಟಿಸಿದ. ಪಾರಿವಾಳವನ್ನೂ ತಂದ. ಪ್ರೀತಿಯಿಂದಲೇ ತಂದ, ಆ ಮಾತು ಸುಳ್ಳಲ್ಲ.

ಮರೆಮ್ಮನ ಪ್ರೀತಿಯಂತೂ ಕೇಳುವುದೇ ಬೇಡ. ಮಲಗಿದಲ್ಲೇ ಗಂಡನ ಬಾಯಿಗೆ ಚಹಾ ಹಾಕುತ್ತಿದ್ದಳು, ಮಲಗಿದಲ್ಲೇ ಉಣಿಸುತ್ತಿದ್ದಳು. ಅವನ ಎಡಗೈ ತಂಬಿಗೆಗೆ ಚಾಚಿದರೂ, “ನೀವು ಸುಮ್ನ ಮಲಗ್ರಿ, ನಾ ಇಲ್ಲೇನು?” ಎಂದು ತಾನೇ ಎತ್ತಿಕೊಡುತ್ತಿದ್ದಳು. ಮುಂಜಾನೆ ಮೈ ಒರೆಸಲು ಎಬ್ಬಿಸುವಾಗ, ಸತ್ತಂತಿದ್ದ ಬಲಗೈಯನ್ನು ಮಣಿಕಟ್ಟಿನಲ್ಲಿ ಹಿಡಿದು, ದೇವರನ್ನು ನೆನೆದು, ಜಗ್ಗಿ ಕೂರಿಸುತ್ತಿದ್ದಳು. ಆ ಹೊತ್ತಿಗೆ ಸರಿಯಾಗಿ ಪೀರಪ್ಪನ ಕಣ್ಣಿಂದ ನೀರು ಇಳಿಯುತ್ತಿತ್ತು. ಪಾಪ, ತನ್ನ ಸ್ಥಿತಿ ನೆನೆದು ಮರುಗುತ್ತಾನೆ ಎಂದುಕೊಂಡು ಅವಳು ಸೆರಗಿನಿಂದ ಒರೆಸುತ್ತಿದ್ದಳು, ತಾನೂ ಅಳುತ್ತಿದ್ದಳು.

ದಿನಗಳು ಹೋದವು. ಕೈ ಬರಲಿಲ್ಲ. ಅದರ ಮೇಲೆ ಎದೆಯಲ್ಲಿ ಗೊರ್ ಗೊರ್ ಸದ್ದು ಬೇರೆ ಶುರುವಾಯಿತು. ಗಂಡ ಈ ಖೋಲಿಯಿಂದ ಎದ್ದು ಬರುವುದೇ ಇಲ್ಲವೇನೋ ಎಂಬ ಹೆದರಿಕೆ ಮರೆಮ್ಮನನ್ನು ಹಿಡಿಯಿತು.

ಮುನಾಫನ ಮಗಳು ಮಹೆವಿಶ ಕಲಬುರಗಿಯಲ್ಲಿ ಫಿಜಿಯೋಥೆರಪಿ ಓದುತ್ತಿದ್ದಳು. ಕೊನೆಯ ವರ್ಷದ ಪರೀಕ್ಷೆಗೆ ತಯಾರಾಗಲು ಆಗತಾನೇ ಊರಿಗೆ ಬಂದಿದ್ದಳು. ಎಲುಬು ಕೀಲಿಗೊಂದು ಪುಸ್ತಕ, ನರಕ್ಕೊಂದು, ಉಸಿರಿಗೊಂದು. ಮೂರೂ ತಲೆದಿಂಬಿನಷ್ಟು ದಪ್ಪ. ಅವು ಹುಡುಗಿಗೆ ಬಾಯಿಪಾಠವಾಗಿದ್ದವು. ಹೆದರಿಕೆಯೆಲ್ಲ ಪ್ರಾಕ್ಟಿಕಲ್ ಪರೀಕ್ಷೆಯದು. ಅಲ್ಲಿ ರೋಗಿಯ ಮನೆಯವರಿಗೆ ಅವರ ಮಾತಿನಲ್ಲೇ ತಿಳಿಸಿ ಹೇಳಬೇಕು. ಇಂಗ್ಲಿಷಿನಲ್ಲಿ ಗಳಗಳ ಹೇಳುವವಳು ಕನ್ನಡಕ್ಕೆ ಬಂದರೆ ತಡವರಿಸುತ್ತಿದ್ದಳು. ಅದಕ್ಕೇ ಅಂಗಳದ ಹೊರಸಿನ ಮೇಲೆ ತಾಯಿ ಖುರ್ಷಿದಬೇಗಂಳನ್ನು ಮಲಗಿಸಿ, ಮನೆಮಾತು ಬದಿಗಿಟ್ಟು, ಕನ್ನಡದಲ್ಲಿ ತಾಲೀಮು ನಡೆಸಿದ್ದಳು. ರೋಗಿಗೆ ಮಾತ್ರ ರೋಗಿಯ ಲಕ್ಷಣ ಒಂದೂ ಇರಲಿಲ್ಲ.

“ಬೇಟಾ, ಒಲಿ ಮ್ಯಾಲ ಬ್ಯಾಳಿ ಅದ. ಜಲ್ದಿ ಮುಗಸು.”

“ಅಮ್ಮಿ, ನಿಮಗ ಲಕ್ವಾ ಹೊಡದದ. ಎದ್ದು ಕೂಡಬ್ಯಾಡ್ರಿ.”

“ಬ್ಯಾಳಿ ಹೊತ್ತಿದ್ರ ನಿನಗ ನಾ ಹೊಡೀತೀನಿ ನೋಡು.”

ಎರಡು ಅಂಗಳಗಳ ನಡುವೆ ಫರ್ಶಿ ಪೇರಿಸಿದ ಗಿಡ್ಡ ಗೋಡೆ. ಈಚೆ ಮರೆಮ್ಮ ರೊಟ್ಟಿ ಬಡಿಯುತ್ತ ಕೂತಿದ್ದಳು. ತಾಯಿ ಮಗಳ ಜಗಳ ಕೇಳಿ ಎಷ್ಟೋ ದಿನದ ಮೇಲೆ ಅವಳ ತುಟಿಯಲ್ಲಿ ನಗು ಕಂಡಿತು.

“ಕೇಳ್ರಿ ಅಕ್ಕೋರೆ,” ರೋಗಿಯ ಮನೆಯವರು ಎದುರಿಗೇ ಇದ್ದಾರೆ ಎಂಬಂತೆ ಮಹೆವಿಶಳ ಪಾಠ ಮುಂದುವರಿಯಿತು. “ಇವರಿಗಿ ಭುಜದಾಗ... ಸಬ್‌ಲಕ್ಸೇಷನ್...”

“ಅದು ಯಾವ ಊರು?”

“ಅಮ್ಮಿ!”

“ನನಗ ತಿಳಿಯೂ ಹಂಗ ಹೇಳು. ನಾ ತಿಳಕೊಂಡ್ರ ಎಲ್ಲಾರೂ ತಿಳಕೋತಾರ.”

ಮಹೆವಿಶ ಆಚೀಚೆ ನೋಡಿದಳು. ಬಚ್ಚಲಿನ ಬಾಗಿಲು ಕಣ್ಣಿಗೆ ಬಿತ್ತು. “ನಮ್ಮ ಬಚ್ಚಲ ಬಾಗಲದ ಬಿಜಾಗರಿ ಸಡಲ ಆಗ್ಯಾದಲ್ಲ, ಹಂಗ. ಲಕ್ವಾ ಹೊಡದ್ರ ಭುಜದ ಕೀಲು ಸಡಲ ಆಗ್ತದ. ಆ ಕೈ ಹಿಡದು ಜಗ್ಗಿ ಎಬ್ಬಸಿದ್ರ ಕೀಲು ಜಾರ್ತದ. ಕೈ ಅಳ್ಳಾಡಲ್ಲ ಅಂತ ನೋವೂ ಆಗಲ್ಲ ಅನ್ಕೋಬ್ಯಾಡ್ರಿ. ಭಾಳ ನೋವಾಗ್ತದ. ಪೇಶಂಟಿಗಿ ಮಾತು ಬರಲ್ಲ, ಹೇಳ್ಲಿಕ್ಕ ಆಗಲ್ಲ. ಕಣ್ಣಾಗ ನೀರು ತರ್ತಾರ, ಅಷ್ಟೇ.”

ಮರೆಮ್ಮನ ಕೈ ರೊಟ್ಟಿಯ ಮೇಲೆ ನಿಂತುಬಿಟ್ಟಿತು. ಹಂಚು ಕಾದು ಹೊಗೆಯಾಡಿತು. ಅವಳಿಗೆ ಅದು ಕಾಣಲೇ ಇಲ್ಲ. ಎದ್ದು, ಹಿಟ್ಟಿನ ಕೈಯಲ್ಲೇ ಗೋಡೆಯ ಬಳಿ ಬಂದಳು.

“ಮಹೆವಿಶ, ಈಗ ಏನಂದಿ? ಇನ್ನೊಂದು ಸಲ ಹೇಳವ್ವ.”

ಹುಡುಗಿ ಹೇಳಿದಳು. ಹೇಳುತ್ತ ಹೇಳುತ್ತ ಮರೆಮ್ಮನ ಮುಖ ನೋಡಿ ಅವಳ ದನಿ ಸಣ್ಣದಾಯಿತು. “ಯಾಕ ಕಾಕು? ಕಾಕಾಗ ನೀವು...?”

“ದಿನಾ ಮುಂಜಾನಿ ಜಗ್ಗೀನವ್ವ. ಅವ್ರು ಅಳತಿದ್ರು. ದುಃಖಕ್ಕ ಅಳತಾರ ಅಂತ ತಿಳದಿದ್ದೆ.” ಮರೆಮ್ಮ ಗೋಡೆಗೆ ಹಣೆ ಹಚ್ಚಿ ನಿಂತಳು. “ನನ್ನ ಕೈಲಿಂದೇ ನೋವು ಮಾಡೀನಲ್ಲವ್ವ ನಾ.”

ಖುರ್ಷಿದಬೇಗಂ ಹೊರಸಿನಿಂದ ಎದ್ದು ಓಡಿ ಬಂದಳು. ಗೋಡೆಯ ಮೇಲಿಂದಲೇ ಅವಳ ಹೆಗಲು ಹಿಡಿದಳು. “ಮರೆವ್ವ, ನಿನಗ ಯಾರು ಹೇಳಿದ್ರು ಜಗ್ಗಬ್ಯಾಡ ಅಂತ? ಯಾರೂ ಹೇಳಿಲ್ಲ. ತಿಳಿದ ಮ್ಯಾಲ ಮಾಡಿದ್ರ ತಪ್ಪು. ನಡಿ, ಒಳಗ ಹೋಗಿ ನೋಡೋಣು.”

ಕತ್ತಲೆ ಖೋಲಿಯಲ್ಲಿ ಮಹೆವಿಶ ಮೊದಲು ಗೋಣಿತಟ್ಟು ಬಿಚ್ಚಿದಳು. ಬೆಳಕು ಬಂದಾಗ ಪೀರಪ್ಪ ಕಣ್ಣು ಕಿರಿದು ಮಾಡಿದ. ಮರೆಮ್ಮ ಅವನ ಪಕ್ಕದಲ್ಲಿ ಕೂತು ಭುಜದ ಮೇಲೆ ಕೈಯಿಟ್ಟಳು. “ಏನ್ರಿ, ಮುಂಜಾನಿ ಎಬ್ಬಸೂ ಮುಂದ ಇಲ್ಲಿ ನೋಯ್ತಿತ್ತಾ?”

ಪೀರಪ್ಪ ಮುಖ ಆಚೆ ತಿರುಗಿಸಿದ. ಆಮೇಲೆ ಮೆಲ್ಲಗೆ ಹೂಂ ಅಂತ ತಲೆ ಆಡಿಸಿದ. ಹೆಂಡತಿ ಬಿಕ್ಕತೊಡಗಿದಾಗ ಎಡಗೈ ಚಾಚಿ ಅವಳ ಹಿಟ್ಟಿನ ಕೈಯನ್ನು ತಟ್ಟಿದ. ಅಷ್ಟು ನೋವು ತಿಂದವನೇ ಅವಳನ್ನು ಸಮಾಧಾನ ಮಾಡಿದ.

ಮಹೆವಿಶ ಅಲ್ಲಿ ನಿಂತು ಮೂರೂ ಪುಸ್ತಕಗಳನ್ನು ನೆನೆಸಿಕೊಂಡಳು. ಕಾಲೇಜಿನಲ್ಲಿ ಕೀಲು ಬೇರೆ, ನರ ಬೇರೆ, ಉಸಿರು ಬೇರೆ. ಇಲ್ಲಿ ಮೂರೂ ಒಬ್ಬ ಕಾಕಾನೊಳಗೇ ಮಲಗಿದ್ದವು. ಅವಳಿಗೆ ಅಳುವೂ ಬಂತು, ಹೆದರಿಕೆಯೂ ಆಯಿತು.

ಅಷ್ಟರಲ್ಲಿ ದೇವಿಂದ್ರಪ್ಪ ಕೆಮ್ಮುತ್ತ ಬಂದ. ತೆರೆದ ಕಿಟಕಿ ನೋಡಿ ಹುಬ್ಬು ಗಂಟಿಕ್ಕಿದ. “ಗಾಳಿ ಬಿಟ್ಟೀರಲ್ಲ! ನನ್ನ ತಮ್ಮನ್ನ ಕೊಲ್ಲಬೇಕಂತೀರೇನು?”

“ಕಾಕಾ, ಗಾಳಿಗಿ ಲಕ್ವಾ ಬರಲ್ರಿ,” ಮಹೆವಿಶ ಅಂದಳು. “ತಲಿಯೊಳಗ ರಕ್ತದ ನಾಳ ಬಂದ್ ಆಗಿ, ಇಲ್ಲಾ ಒಡದು ಬರ್ತದ. ಬಿ.ಪಿ., ಸಕ್ಕರಿ ರೋಗ, ಬೀಡಿ ತಂಬಾಕು ಇವೆಲ್ಲ ಅದಕ್ಕ ದಾರಿ ಮಾಡ್ತಾವ. ಪಾರಿವಾಳದ ರಕ್ತ ಚರ್ಮದ ಮ್ಯಾಲ ಹಚ್ಚಿದ್ರ ತಲಿಯೊಳಗಿನ ನರಕ್ಕ ಹೆಂಗ ಮುಟ್ಟತದ್ರಿ?”

“ಮತ್ತ ನಿನ್ನ ವ್ಯಾಯಾಮ ಮುಟ್ಟತದೇನು?”

“ಮುಟ್ಟತದ್ರಿ. ಕೈಕಾಲಿಂದ ಮತ್ತ ಮತ್ತ ಕೆಲಸ ಮಾಡಿಸಿದ್ರ ತಲಿ ಹೊಸದಾಗಿ ಕಲೀತದ. ಕೂಸು ನಡೀಲಿಕ್ಕ ಕಲೀತದಲ್ಲ, ಹಂಗ. ಮೊದಲಿನ ಕೆಲವು ತಿಂಗಳದಾಗ ಜಲ್ದಿ ಕಲೀತದ. ತಡ ಆದ್ರೂ ಕಲಿಯೂದು ನಿಲ್ಲಲ್ಲ.”

“ಮೊದಲಿನಂಗ ಆಗ್ತಾನಂತ ಬರದು ಕೊಡ್ತಿ?”

ಮಹೆವಿಶ ಸುಳ್ಳು ಹೇಳಲಿಲ್ಲ. “ಇಲ್ರಿ ಕಾಕಾ. ಎಷ್ಟು ಬರ್ತದ ಅಂತ ಯಾರಿಗೂ ಹೇಳ್ಲಿಕ್ಕ ಆಗಲ್ಲ. ನಾ ಇನ್ನೂ ಪಾಸೂ ಆಗಿಲ್ಲ, ನಾ ಇಲಾಜು ಮಾಡಬಾರದು. ನಮ್ಮ ರಾಜರತ್ನ ಸರ್ ದವಾಖಾನಿದಾಗ ಅದಾರ. ನಾಳೆ ಕರಕೊಂಡು ಹೋಗೋಣ್ರಿ. ಎದಿ ಸದ್ದು ಡಾಕ್ಟರ್ ಕೇಳಬೇಕು.”

ದೇವಿಂದ್ರಪ್ಪ ಗೊಣಗಿದ. ಮರೆಮ್ಮ ಹಿರಿಯ ಭಾವನ ಎದುರು ಎಂದೂ ಮಾತಾಡಿದವಳಲ್ಲ. ಅವತ್ತು ಸೆರಗು ತಲೆಯ ಮೇಲೆ ಎಳೆದುಕೊಂಡು ಅಂದಳು: “ಭಾವಾರ, ನೀವು ಹೇಳಿದ್ದೆಲ್ಲ ಮಾಡೀನ್ರಿ. ಈಗ ಈ ಹುಡುಗಿ ಮಾತು ಕೇಳ್ತೀನಿ. ನಾಳೆ ಹೋಗ್ತೀವಿ.”

ಹೋದರು. ಡಾಕ್ಟರು ಎದೆ ನೋಡಿ ಔಷಧಿ ಬರೆದರು. ಫಿಜಿಯೋಥೆರಪಿಯ ರಾಜರತ್ನ ಸರ್ ಪೀರಪ್ಪನನ್ನು ನೋಡುವಷ್ಟೇ ಗಮನದಿಂದ ಮರೆಮ್ಮನನ್ನೂ ನೋಡಿದರು. “ನಿಮಗೂ ಕಲಸ್ತೀನಿ ಅಕ್ಕಾರೆ. ನಾ ಇಲ್ಲಿ ಇರ್ತೀನಿ, ನೀವು ಮನ್ಯಾಗ ಇರ್ತೀರಿ” ಅಂದರು. ಭುಜದ ಹಿಂದೆ ಕೈ ಕೊಟ್ಟು, ಮಗ್ಗುಲಿಗೆ ಹೊರಳಿಸಿ, ಕಾಲು ಕೆಳಗಿಳಿಸಿ ಹೇಗೆ ಎಬ್ಬಿಸಬೇಕೆಂದು ತೋರಿಸಿದರು. ಕೂತಾಗ ಸೋತ ಕೈಯ ಕೆಳಗೆ ದಿಂಬು. ಮಲಗಿದಾಗ ಆಗಾಗ ಮಗ್ಗುಲು ಬದಲಿಸುವುದು, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ, ಎದೆಯಲ್ಲಿ ಕಫ ನಿಲ್ಲುತ್ತದೆ. ಊಟ ನೀರು ಏನಿದ್ದರೂ ಕೂರಿಸಿ, ಸಣ್ಣ ಸಣ್ಣ ತುತ್ತು. ನುಂಗುವಾಗ ಕೆಮ್ಮು ಬಂದರೆ ನಿಲ್ಲಿಸಿ ಡಾಕ್ಟರಿಗೆ ಹೇಳುವುದು. ಮೂಗಿನಿಂದ ಉಸಿರು ಎಳೆದು, ಒಲೆ ಊದುವಂತೆ ತುಟಿ ಕೂಡಿಸಿ ಮೆಲ್ಲಗೆ ಬಿಡುವುದನ್ನೂ ಕಲಿಸಿದರು.

ಕಡೆಗೆ ಅವರು ಹೇಳಿದ ಮಾತೊಂದೇ ಮರೆಮ್ಮನಿಗೆ ಕಹಿಯಾಯಿತು. “ಅವರ ಕೈಲಿ ಆಗೂದು ಅವರಿಗೇ ಮಾಡ್ಲಿಕ್ಕ ಬಿಡ್ರಿ.”

ಮನೆಗೆ ಬಂದು ಅವಳು ಮಹೆವಿಶಳ ಮೇಲೆ ಹರಿಹಾಯ್ದಳು. “ಗಂಡ ತಂಬಿಗಿಗಿ ಕೈ ಹಾಕ್ಲಿಕತ್ತಾರ, ನಾ ಕಣ್ಣು ಬಿಟ್ಕೊಂಡು ನೋಡ್ಲೇನು? ಊರಾಗಿನ ಮಂದಿ ಏನಂತಾರ?”

“ಕಾಕು, ಎಲ್ಲಾ ನೀವೇ ಮಾಡಿದ್ರ ಕಾಕಾನ ಕೈ ಯಾವಾಗ ಕಲೀಬೇಕ್ರಿ? ನೀವು ಬಾಜೂಕ ನಿಂದರ್ರಿ. ಬೀಳಂಗಾದ್ರ ಹಿಡೀರಿ. ಅದೂ ಸೇವಾನೇ.”

ದಿಂಬು ಇಡುವುದು, ಮಗ್ಗುಲು ಬದಲಿಸುವುದು ಇವೆಲ್ಲ ಮರೆಮ್ಮನಿಗೆ ಸುಲಭವಾಗಿ ಬಂದವು. ಸುಮ್ಮನೆ ನಿಲ್ಲುವುದೇ ಕಷ್ಟವಾಯಿತು. ಅಂಗಳದಲ್ಲಿ ಕೂತು ಪೀರಪ್ಪ ಬೆವರುತ್ತ ರೊಟ್ಟಿ ಮುರಿಯಲು ಒದ್ದಾಡುವಾಗ ಅವಳು ತನ್ನ ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿ ಹಿಡಿದುಕೊಳ್ಳುತ್ತಿದ್ದಳು. ಎಷ್ಟೋ ಸಲ ತಡೆಯಲಾಗದೆ ಮುರಿದು ಕೊಟ್ಟುಬಿಡುತ್ತಿದ್ದಳು. ಆಗ ಗೋಡೆಯಾಚೆಯಿಂದ ಖುರ್ಷಿದಬೇಗಂ, “ಮರೆವ್ವ, ಫೇಲ್!” ಎಂದು ಕೂಗುತ್ತಿದ್ದಳು. ಪೀರಪ್ಪ ವಾರೆ ಬಾಯಲ್ಲೇ ನಗುತ್ತಿದ್ದ.

ನಿಧಾನಕ್ಕೆ ಎದೆಯ ಸದ್ದು ಇಳಿಯಿತು. ಬೆರಳು ಮಿಸುಕಿದವು. ಗೋಡೆ ಹಿಡಿದು ನಿಲ್ಲಲು ಬಂತು. ದೇವಿಂದ್ರಪ್ಪ ದಿನವೂ ಬಂದು, ಗೊಣಗುತ್ತ ಕೂತು, ಎಲ್ಲವನ್ನೂ ನೋಡುತ್ತಿದ್ದ. ಒಂದು ದಿನ ಪೀರಪ್ಪ ಉಸಿರಿನ ವ್ಯಾಯಾಮ ಮಾಡುವಾಗ ಹಿಂದಿನಿಂದ ಇನ್ನೊಂದು ಊದುವ ಸದ್ದು ಬಂತು. ಮರೆಮ್ಮ ತಿರುಗಿ ನೋಡಿದರೆ ಭಾವನ ತುಟಿಯೂ ಕೂಡಿತ್ತು!

ಸಿಕ್ಕಿಬಿದ್ದ ದೇವಿಂದ್ರಪ್ಪ ಗಂಟಲು ಸರಿ ಮಾಡಿಕೊಂಡ. “ನಾನೂ ಖಣಿ ಧೂಳು ಕುಡದವನೇ. ಸ್ವಲ್ಪ ಹಗುರ ಆಗ್ತದ.”

“ಕಾಕಾ, ಅಷ್ಟಕ್ಕೇ ಬಿಡಬ್ಯಾಡ್ರಿ. ಕೆಮ್ಮು ಭಾಳ ದಿನದ್ದು ಅದ, ಎದಿ ತೋರಸ್ರಿ,” ಮಹೆವಿಶ ಅಂದಳು. “ಖಣಿದಾಗ ನೀರು ಹೊಡದು ಕಲ್ಲು ಕೊಯ್ರಿ, ಧೂಳು ತಡಿಯೂ ಮಾಸ್ಕ್ ಹಾಕೋರಿ. ಒಳಗ ಹೋದ ಕಲ್ಲಿನ ಧೂಳು ಹೊರಗ ಬರಲ್ಲ.”

ಮರುದಿನ ಅವನೇ ದವಾಖಾನೆಗೆ ಹೋದ. ಪಾರಿವಾಳದ ಮಾತು ಮತ್ತೆ ಎತ್ತಲಿಲ್ಲ.

ಮಹೆವಿಶಳ ಪ್ರಾಕ್ಟಿಕಲ್ ಪರೀಕ್ಷೆಯ ದಿನ ಬಂತು. ಮುಂಜಾನೆ ಅವಳು ಬ್ಯಾಗು ಹೆಗಲಿಗೇರಿಸಿ ಹೇಳಿ ಹೋಗಲು ಬಂದಾಗ ಪೀರಪ್ಪನಿಗೆ ಆಗತಾನೇ ಎಚ್ಚರವಾಗಿತ್ತು. ಮರೆಮ್ಮ ಎಬ್ಬಿಸಲು ಬಗ್ಗಿದಳು. ಅವನು ಎಡಗೈ ಎತ್ತಿ ಬೇಡ ಎಂದು ಸನ್ನೆ ಮಾಡಿದ. ತಾನೇ ಮಗ್ಗುಲಾದ, ಕಾಲು ಕೆಳಗಿಳಿಸಿದ, ಎಡಗೈ ಊರಿ ಎದ್ದು ಕೂತ. ಬಲಗೈಯನ್ನು ಎಡಗೈಯಿಂದ ಎತ್ತಿ ದಿಂಬಿನ ಮೇಲೆ ಜೋಪಾನವಾಗಿ ಇಟ್ಟ. ಉಸಿರು ಹತ್ತಿತ್ತು. ಕಣ್ಣು ಮಾತ್ರ ಒಣಗಿತ್ತು. ಎಷ್ಟೋ ಮುಂಜಾನೆ ಅವನ ಕಣ್ಣೀರು ಬಿದ್ದಿದ್ದ ಹಾಸಿಗೆಯೇ ಅದು.

ತೊದಲುತ್ತ ಅವನು ಹುಡುಗಿಗೆ ಹೇಳಿದ: “ಛ... ಛಲೋ ಮಾಡು.”

“ನಾ ಪಾಸ್ ಆದಂಗೇ ಕಾಕಾ,” ಮಹೆವಿಶ ನಗುತ್ತ ಹೊರಟಳು. ಮರೆಮ್ಮ ಸೆರಗಿನಲ್ಲಿ ಕೈ ಸುತ್ತಿಕೊಂಡು ನಿಂತೇ ಇದ್ದಳು. ಅವತ್ತು ಅತ್ತವಳು ಅವಳೊಬ್ಬಳೇ, ಅದೂ ಸಂತೋಷಕ್ಕೆ.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಮನೆಯಲ್ಲೋ ಓಣಿಯಲ್ಲೋ ಯಾರದಾದರೂ ಬಾಯಿ ವಾಲಿದರೆ, ಕೈ ಸೋತರೆ, ಮಾತು ತೊದಲಿದರೆ ಒಂದು ಗಳಿಗೆಯೂ ಕಾಯಬೇಡಿ. ೧೦೮ಕ್ಕೆ ಫೋನ್ ಮಾಡಿ ದೊಡ್ಡ ದವಾಖಾನೆಗೆ ಕರೆದೊಯ್ಯಿರಿ. ಜೀವ ಉಳಿಸಿಕೊಂಡು ಮನೆಗೆ ಬಂದವರನ್ನು ಕತ್ತಲೆಯಲ್ಲಿ ಮಲಗಿಸಬೇಡಿ. ಸರಕಾರಿ ದವಾಖಾನೆಯಲ್ಲಿ ಫಿಜಿಯೋಥೆರಪಿ ಎಲ್ಲಿ ಸಿಗುತ್ತದೆಂದು ಕೇಳಿ, ನಿಮ್ಮೂರ ಆಶಾ ಕಾರ್ಯಕರ್ತೆಯನ್ನು ಕೇಳಿ, ಕಲಿತು ಬನ್ನಿ. ಮತ್ತು ನಾಳೆ ಮುಂಜಾನೆ ಅವರನ್ನು ಎಬ್ಬಿಸುವ ಮುನ್ನ ನಿಮ್ಮ ಕೈ ಎಲ್ಲಿದೆ ನೋಡಿಕೊಳ್ಳಿ. ಸೋತ ಕೈಯನ್ನು ಜಗ್ಗಬೇಡಿ. ಅವರಿಗೆ ನೋಯುತ್ತದೆ, ಹೇಳಲು ಬಾಯಿಲ್ಲ.