ಅವರು ಇಪ್ಪತ್ತೇಳು, ನಾವು ಹತ್ತು

ದೇವರು ನನ್ನ ಪಾಲಿಗೆ ಕೊಟ್ಟ ಕೆಲಸ ದೊಡ್ಡದೇನಲ್ಲ. ಸೇಂಟ್ ಓಡಿಲ್ ಊರಿನ ವಾರಪತ್ರಿಕೆಗೆ ಇಪ್ಪತ್ತಾರು ವರ್ಷ ಅಚ್ಚುಮೊಳೆ ಜೋಡಿಸಿದೆ, ಅಷ್ಟೆ. ಬೇರೆಯವರ ಮಾತನ್ನು ತಲೆಕೆಳಗಾಗಿ, ಒಂದೊಂದೇ ಅಕ್ಷರವಾಗಿ ಓದುವವಳಿಗೆ ಪದದ ತೂಕ ಬೆರಳಿಗೇ ಗೊತ್ತಾಗುತ್ತದೆ. ಒರ್ವಿಲ್ ಜಾಡಿನ್ ಅವರು ಬರೆಯುತ್ತಿದ್ದ ‘ನಾವು’ ಎಂಬುದು ಎಷ್ಟು ಭಾರದ ಮಾತು ಎಂದು ನನಗೆ ತಿಳಿದದ್ದೂ ಹಾಗೆಯೇ.

ಜಾಡಿನ್ ಚೀಸ್ ಕಾರ್ಖಾನೆಯಲ್ಲಿ ಹಾಲಿಗೆ ಹೆಪ್ಪು ಹಾಕುತ್ತಲೇ ಮುದುಕರಾದವರು. ಹತ್ತಿರದ ಕೊಲ್ಲಿಯ ದಂಡೆಯ ಪಟ್ಟಣವಾದ ಗ್ರೀನ್ ಬೇಯ ತಂಡ ಆಡುವ ಪ್ರತಿ ಫುಟ್‌ಬಾಲ್ ಪಂದ್ಯಕ್ಕೂ ಮುಂಚಿನ ಗುರುವಾರ ಅವರ ಅಂಕಣ ಬರುತ್ತಿತ್ತು. ಯಾರ ಮಂಡಿ ಊದಿದೆ, ಭಾನುವಾರ ಕೊಲ್ಲಿಯ ಗಾಳಿ ಯಾವ ಕಡೆಯಿಂದ ಬೀಸೀತು, ಚೆಂಡು ಅವುಚಿಕೊಂಡು ಓಡುವವನಿಗೆ ಎಲ್ಲಿ ಸಂದಿ ಸಿಕ್ಕೀತು, ಎಲ್ಲ ಇರುತ್ತಿತ್ತು. ಕೊನೆಯ ಸಾಲಿನಲ್ಲಿ ಯಾರಿಗೆಷ್ಟು ಅಂಕ ಎಂಬ ಅವರ ಲೆಕ್ಕಾಚಾರ. ಊರಿನ ಎಷ್ಟೋ ಜನ ಮೊದಲು ಆ ಸಾಲು ಓದಿ, ಆಮೇಲೆ ಸತ್ತವರ ಸುದ್ದಿ ಓದುತ್ತಿದ್ದರು.

ಶಿಕಾಗೋ ಜೊತೆ ಪಂದ್ಯವಿದ್ದ ವಾರ ಮಾತ್ರ ಊರಿನ ಉಸಿರೇ ಬೇರೆ. ಎರಡು ತಂಡಗಳೂ ಒಂದೇ ವಿಭಾಗದವು. ವರ್ಷಕ್ಕೆ ಎರಡು ಸಲ ಎದುರುಬದುರಾಗಲೇಬೇಕು. ನಮ್ಮ ಕಡೆ ಆ ಊರಿನ ಹೆಸರು ಹೇಳುವ ರೂಢಿಯಿಲ್ಲ. ಕ್ಷೌರದಂಗಡಿಯಲ್ಲಿ, ಊಟದ ಮೇಜಿನಲ್ಲಿ, ಚರ್ಚಿನ ಅಂಗಳದಲ್ಲಿ ಕೋಳಿ, ದನದ ಮಾಂಸ ಹಾಕಿ ಬೂಯಾ ಎಂಬ ಸಾರು ಕುದಿಸುವ ಹಂಡೆಯ ಸುತ್ತ, ಎಲ್ಲೆಲ್ಲೂ ‘ಅವರು’. ‘ಅವರು ಬರ್ತಿದಾರೆ’ ಅಂದರೆ ತೊಟ್ಟಿಲ ಕೂಸಿಗೂ ಅರ್ಥವಾಗುತ್ತಿತ್ತು.

ಆ ವರ್ಷ ಅವರು ಯಾರಿಗೂ ಸೋತಿರಲಿಲ್ಲ. ನಾವು ಒಂದೇ ಒಂದು ಪಂದ್ಯ ಗೆದ್ದಿದ್ದೆವು. ಅದೇ ಹೊತ್ತಿಗೆ ಪತ್ರಿಕೆಗೆ ಪೂರ್ವದ ಕಡೆಯಿಂದ ಹೊಸ ಸಂಪಾದಕರು ಬಂದರು, ವಿನ್‌ಸ್ಲೋ ಟ್ಯಾಲ್ಕಟ್ ಅಂತ. ಓದಿಕೊಂಡವರು, ಮೆಲುಮಾತಿನವರು. ಕೆಟ್ಟವರು ಎಂದು ನಾನು ಹೇಳಲಾರೆ.

ಆ ಪಂದ್ಯದ ವಾರ, ಬುಧವಾರ ಮಧ್ಯಾಹ್ನ ಟ್ಯಾಲ್ಕಟ್ ಜಾಡಿನ್‌ರನ್ನು ಕರೆಸಿದರು. ಪತ್ರಿಕೆ ಯಾರ ಪಕ್ಷವೂ ಅಲ್ಲ, ಆಟ ಆಡುವವರು ಆಟಗಾರರು, ಬರೆಯುವವರು ಪಕ್ಕದಲ್ಲಿ ನಿಂತು ನೋಡುವವರು. ಆದ್ದರಿಂದ ಇನ್ನು ಮೇಲೆ ತಂಡವನ್ನು ‘ನಾವು’ ಅನ್ನಕೂಡದು, ಅಂಕಣ ಉಳಿಯಬೇಕಾದರೆ ಇದೊಂದೇ ಷರತ್ತು ಎಂದು ತಿಳಿಸಿ ಹೇಳಿದರು. ಆ ವಾರದ ಬರಹವನ್ನು ಆಗಲೇ ತಿದ್ದಿ ಇಟ್ಟಿದ್ದರು. ಮೂವತ್ತೊಂದು ಕಡೆ ‘ನಾವು’ ಹೊಡೆದು, ಕೆಂಪು ಪೆನ್ಸಿಲಿನಲ್ಲಿ ‘ಅವರು’ ಎಂದು ಬರೆದಿದ್ದರು. ಹಾಳೆಯನ್ನು ನನ್ನ ಕೈಗೆ ಕೊಟ್ಟು, ಐದು ಗಂಟೆಗೆ ಯಂತ್ರ ಓಡಬೇಕು ಎಂದರು.

ಜಾಡಿನ್ ಟೋಪಿಯನ್ನು ಮಂಡಿಯ ಮೇಲಿಟ್ಟುಕೊಂಡು ಕೂತಿದ್ದರು. ಸಿಟ್ಟು ಬಂದಾಗ ಅವರ ದನಿ ಇನ್ನೂ ತಗ್ಗುತ್ತಿತ್ತು.

“ಹೆರ್ಮೈನ್, ಅದನ್ನ ಒಂದ್ಸಲ ಜೋರಾಗಿ ಓದಮ್ಮ” ಎಂದರು ನನಗೆ.

ನಾನು ಓದಿದೆ. “ಅವರು ಎಡಗಡೆಯಿಂದ ನುಗ್ಗಿದರೆ ಅವರು ಮುಂಸಾಲನ್ನು ಅತ್ತ ಎಳೆದುಕೊಳ್ಳುತ್ತಾರೆ. ಆಗ ಅವರು ಚೆಂಡನ್ನು ಬಲಕ್ಕೆ ಎಸೆಯಬೇಕು. ಅವರು ಅವರಿಗೆ ಹೆದರುವ ಅಗತ್ಯವಿಲ್ಲ. ಅವರ ಊದಿದ ಮಂಡಿಗಳ ಮೇಲೆ ದೇವರ ಕರುಣೆಯಿರಲಿ.”

ಅಚ್ಚುಯಂತ್ರದ ಬಳಿ ಶಾಯಿ ಕಲಸುತ್ತಿದ್ದ ಡೆಲ್ಮರ್ ಬೆನ್ನು ತಿರುಗಿಸಿ ನಿಂತ. ಅವನ ಹೆಗಲು ಕುಣಿಯುತ್ತಿತ್ತು.

“ವೈರಿಗಾಗಿ ಪ್ರಾರ್ಥನೆ ಮಾಡಿ ಅಂತ ಫಾದರ್ ಇಪ್ಪತ್ತು ವರ್ಷದಿಂದ ಬಡ್ಕೊಂಡ್ರು, ನಾನು ಮಾಡ್ಲಿಲ್ಲ” ಎಂದರು ಜಾಡಿನ್. “ನೀವು ಒಂದು ಪೆನ್ಸಿಲಲ್ಲಿ ಮಾಡಿಸಿಬಿಟ್ರಲ್ಲ ಸ್ವಾಮಿ.”

ಟ್ಯಾಲ್ಕಟ್‌ಗೆ ನಗುವಿನ ಕಾರಣ ತಿಳಿಯಲಿಲ್ಲ. ಇಲ್ಲಿ ‘ಅವರು’ ಅಂದರೆ ಯಾರು ಎಂದು ನಾನೇ ಬಿಡಿಸಿ ಹೇಳಿದೆ. ಅವರ ಕಿವಿ ಕೆಂಪಾದವು. ಆದರೂ ಮಾತು ಬಿಟ್ಟುಕೊಡಲಿಲ್ಲ. ಗೊಂದಲವಾಗುವುದಾದರೆ ಎದುರು ತಂಡಕ್ಕೆ ನೇರವಾಗಿ ಶಿಕಾಗೋ ಎಂದು ಬರೆಯಿರಿ, ಈ ಕಡೆಯ ತಂಡಕ್ಕೆ ಗ್ರೀನ್ ಬೇ ಎಂದು ಬರೆಯಿರಿ, ಮುಗಿಯಿತಲ್ಲ ಎಂದರು. ಮೈದಾನದಲ್ಲಿ ಒಂದು ದಿನವೂ ಚೆಂಡು ಮುಟ್ಟದವರು ‘ನಾವು’ ಅನ್ನುವುದು ಯಾವ ನ್ಯಾಯ ಎಂದೂ ಕೇಳಿದರು.

ಕೆಲವು ವರ್ಷದ ಹಿಂದೆ ತಂಡ ಮುಳುಗುವ ಹಾಗಾದಾಗ ಊರೂರಿನ ಜನ ಪಾಲುಪತ್ರ ಕೊಂಡು ಅದನ್ನು ಉಳಿಸಿಕೊಂಡಿದ್ದರು. ಜಾಡಿನ್ ಮನೆಯಲ್ಲಿ ಆ ಪತ್ರಕ್ಕೆ ಕಟ್ಟು ಹಾಕಿಸಿ ಮಾತೆ ಮರಿಯಳ ಪಟದ ಪಕ್ಕದಲ್ಲಿ ತೂಗುಹಾಕಿದ್ದನ್ನು ನಾನು ಕಂಡಿದ್ದೇನೆ. ಅವರು ಅದರ ಮಾತೆತ್ತಿಯಾರು ಅಂದುಕೊಂಡೆ. ಎತ್ತಲಿಲ್ಲ.

“ದಿನಾ ಪ್ರಾರ್ಥನೆ ಮಾಡ್ತೀರಾ, ಟ್ಯಾಲ್ಕಟ್‌ರೇ?”

ಮಾಡುತ್ತೇನೆ ಎಂದರು ಸಂಪಾದಕರು, ಸ್ವಲ್ಪ ಬಿಗಿಯಾಗಿ.

“‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಅಂತೀರೋ, ‘ಅವರ ತಂದೆಯೇ’ ಅಂತೀರೋ? ಪಕ್ಕದಲ್ಲಿ ನಿಂತು ನೋಡೋರಿಗೆ ಅಲ್ಲೂ ಅವರೇ ಆಗ್ಬೇಕಲ್ಲ.”

ಪ್ರಾರ್ಥನೆ ಬೇರೆ, ಪತ್ರಿಕೆ ಬೇರೆ ಎಂದರು ಟ್ಯಾಲ್ಕಟ್. ‘ನಾವು’ ಅನ್ನುವ ಮನುಷ್ಯನಿಗೆ ಕಣ್ಣಿಗೆ ಕಂಡ ಸತ್ಯ ಬರೆಯಲಾಗುವುದಿಲ್ಲ. ಈ ತಂಡ ಭಾನುವಾರ ಗೆಲ್ಲುವುದಿಲ್ಲ ಎಂದು ಇಡೀ ರಾಜ್ಯಕ್ಕೆ ಗೊತ್ತಿದೆ, ಅಷ್ಟು ಬರೆಯುವ ಧೈರ್ಯ ನಿಮಗಿದೆಯೇ ಎಂದು ಕೇಳಿದರು. ‘ನಾವು’ ಅನ್ನುವವರು ಸೋಲನ್ನು ಮುಚ್ಚಿಡುತ್ತಾರೆ ಎಂಬುದೊಂದೇ ಅವರ ಅಳುಕು ಎಂದು ನನಗೆ ಆಗ ತಿಳಿಯಿತು.

ಜಾಡಿನ್ ನನ್ನ ಕಡೆ ನೋಡಿದರು. ನಾನು ಹಾಳೆಯ ಕೊನೆಯ ಸಾಲಿಗೆ ಬೆರಳಿಟ್ಟೆ. ಕೆಂಪು ತಿದ್ದುಪಡಿಯ ಪ್ರಕಾರ ಅಲ್ಲಿ ಹೀಗಿತ್ತು: ಅವರು ಇಪ್ಪತ್ತೇಳು, ಅವರು ಹತ್ತು.

ಸಂಪಾದಕರು ಹಾಳೆ ಇಸಿದುಕೊಂಡರು. ತಾವೇ ಹೊಡೆದ ಗೀಟಿನ ಕೆಳಗೆ ಮುದುಕರ ನೀಲಿ ಶಾಯಿಯ ‘ನಾವು ಹತ್ತು’ ಇನ್ನೂ ಕಾಣುತ್ತಿತ್ತು. ಪೆನ್ಸಿಲ್ ಓಡಿಸಿದ್ದರು, ಓದಿರಲಿಲ್ಲ.

“ಸೋಲ್ತೀವಿ ಅಂತಲೇ ಬರೆದಿದೀರಲ್ಲ” ಎಂದರು.

“ಸೋಲ್ತೀವಿ. ಹದಿನೇಳು ಅಂಕದಲ್ಲಿ ಸೋಲ್ತೀವಿ, ನಮ್ಮ ಪುಣ್ಯ ಇದ್ರೆ. ಆದರೆ ಸೋಲೋದು ನಾವು. ಮಂಡಿ ಊದಿಸ್ಕೊಂಡು ಕೆಸರಲ್ಲಿ ಬೀಳೋ ಆ ಹುಡುಗರ ತಲೆಗೆ ಸೋಲು ಕಟ್ಟಿ, ನಾನು ಬೇಲಿ ಆಚೆ ನಿಂತು ‘ಅವರು ಸೋತರು’ ಅನ್ನೋನಲ್ಲ. ಆ ಪದ ತೆಗೀಬೇಕಾದ್ರೆ ನನ್ನ ಹೆಸರೂ ತೆಗೀರಿ. ಆ ಜಾಗಕ್ಕೆ ಹಾಲು ಕರೆಯೋ ಯಂತ್ರದ ಜಾಹೀರಾತು ಹಾಕಿ. ಅದು ಯಾರ ಪಕ್ಷವೂ ಅಲ್ಲ.”

ಟೋಪಿ ತಲೆಗಿಟ್ಟುಕೊಂಡು ಎದ್ದು ನಿಂತರು. ಇಪ್ಪತ್ತೆರಡು ವರ್ಷದ ಅಂಕಣ.

ಟ್ಯಾಲ್ಕಟ್ ಹಾಳೆಯನ್ನು ನನ್ನ ಮೇಜಿನ ಮೇಲಿಟ್ಟು, ನಿಯಮ ನಿಯಮವೇ, ತಿದ್ದಿದ ಹಾಗೆ ಜೋಡಿಸಿ ಎಂದರು. ಆದರೆ ಆ ಮಾತಿನಲ್ಲಿ ಮೊದಲಿನ ಕಸುವಿರಲಿಲ್ಲ. ನಾನು ಕೈ ಕಟ್ಟಿ ಕೂತೆ. ಮೊಳೆ ಸಾಲದೇ ಎಂದು ಕೇಳಿದರು. ಸುಳ್ಳು ಹೇಳಿ ತಪ್ಪಿಸಿಕೊಳ್ಳಬಹುದಿತ್ತು, ದೇವರು ಮೆಚ್ಚುತ್ತಿರಲಿಲ್ಲ.

“ಮೊಳೆ ಬೇಕಾದಷ್ಟಿದೆ ಸ್ವಾಮಿ. ಮನಸ್ಸಿಲ್ಲ.”

ಯಂತ್ರದ ಬಳಿ ಡೆಲ್ಮರ್ ಶಾಯಿಯ ಕೈ ಒರೆಸಿಕೊಂಡು, ಮೊಳೆಯ ಕೆಲಸ ತನಗೆ ಬರುವುದಿಲ್ಲ, ಇವತ್ತು ಕಲಿಯುವುದೂ ಇಲ್ಲ ಎಂದ.

ಸಂಪಾದಕರು ಕಿಟಕಿಯ ಹತ್ತಿರ ಹೋಗಿ ನಿಂತರು. ಎದುರಿನ ಕಬ್ಬಿಣದಂಗಡಿಯ ಬಾಗಿಲಿಗೆ ತಂಡದ ಬಣ್ಣದ ಹಸಿರು ಹಳದಿ ಬಟ್ಟೆ ಕಟ್ಟಿದ್ದರು, ಅದರ ಪಕ್ಕದ ಬ್ಯಾಂಕಿಗೂ. ಆ ಕಡೆಗೇ ಮುಖಮಾಡಿ ಒಂದೇ ಪ್ರಶ್ನೆ ಕೇಳಿದರು: ಕೊಲ್ಲಿಯ ಗಾಳಿ ನಿಜವಾಗಲೂ ಅಷ್ಟು ಕೆಟ್ಟದಾಗಿರುತ್ತದೆಯೇ?

“ಎರಡು ಜೊತೆ ಕಾಲುಚೀಲ ಹಾಕ್ಕೊಳ್ಳಿ” ಎಂದರು ಜಾಡಿನ್.

ಟ್ಯಾಲ್ಕಟ್ ರಬ್ಬರ್ ಹುಡುಕಿದರು. ಕೆಂಪು ಪೆನ್ಸಿಲ್ ಸುಲಭವಾಗಿ ಅಳಿಯುವುದಿಲ್ಲ. ಮೂವತ್ತೊಂದು ಕಡೆಯೂ ತಾವೇ ಕೂತು ಉಜ್ಜಿದರು, ಎರಡು ಕಡೆ ಹಾಳೆ ಹರಿಯಿತು. ನಾನು ನೀಲಿ ಶಾಯಿಯನ್ನೇ ನೋಡಿ ಜೋಡಿಸಿದೆ. ಯಂತ್ರ ಓಡಿದಾಗ ಆರೂವರೆ.

ಭಾನುವಾರ ಬೆಳಗಿನ ಮೊದಲ ಪೂಜೆ ಮುಗಿಸಿ, ಕಂಬಳಿ ಹೊದ್ದು, ಬಸ್ಸು ಹತ್ತಿ ನಾವೆಲ್ಲ ಸೋಲಲು ಹೊರಟೆವು.