ಕೌದಿ ಹಿಂಡುವವರು

ಇಂಡಿಯಲ್ಲಿ ಲಿಂಬೆಹಣ್ಣಿಗೆ ಬರವಿಲ್ಲ. ಅಮೀನುದ್ದೀನನ ಮನೆಯಲ್ಲಂತೂ ಕಾಲಿಟ್ಟಲ್ಲೆಲ್ಲ ಲಿಂಬೆ. ಅವನದು ಮಾರ್ಕೆಟ್ಟಿನಲ್ಲಿ ಲಿಂಬೆಯ ವ್ಯಾಪಾರ, ಆರಿಸಿ ಉಳಿದದ್ದು ಬುಟ್ಟಿಗಟ್ಟಲೆ ಮನೆಗೇ ಬರುತ್ತದೆ. ಆದರೆ ಅವನ ಹೆಂಡತಿ ನಜಮಾ ಗುರುವಾರದಿಂದ ಒಂದು ಹಣ್ಣನ್ನೂ ಮುಟ್ಟಿರಲಿಲ್ಲ. ಸಾಬೂನು ಪುಡಿಯ ಖಾರಕ್ಕೆ ಅವಳ ಬೆರಳ ಸಂದುಗಳೆಲ್ಲ ಒಡೆದಿದ್ದವು, ಹುಳಿ ತಾಕಿದರೆ ಜೀವ ಬಾಯಿಗೆ ಬರುತ್ತಿತ್ತು. ಮನೆಯ ಬಟ್ಟೆ ಒಗೆಯುವ ಮಿಶಿನ್ ಕೆಟ್ಟು ನಿಂತಿತ್ತು. ಮಿಶಿನ್ನಿಗೆ ಕೆಟ್ಟು ನಿಲ್ಲುವ ಪುಣ್ಯವಾದರೂ ಇದೆ, ಮನೆಯ ಹೆಂಗಸಿಗೆ ಅದೂ ಇಲ್ಲ.

ನಜಮಾ ಚಡಚಣ ರಸ್ತೆಯ ಒಂದು ಹಳ್ಳಿಯಲ್ಲಿ ಸರ್ಕಾರಿ ಶಾಲೆಯ ಶಿಕ್ಷಕಿ. ಬೆಳಿಗ್ಗೆ ಬಸ್ಸಿನಲ್ಲಿ ನಿಂತು ಹೋಗುವುದು, ವರ್ಗದಲ್ಲಿ ನಿಂತು ಕಲಿಸುವುದು, ಸಂಜೆ ಮತ್ತೆ ಬಸ್ಸಿನಲ್ಲಿ ನಿಂತೇ ಬರುವುದು. ಬುರ್ಖಾ ತೆಗೆದು ಗೂಟಕ್ಕೆ ಹಾಕುವಷ್ಟರಲ್ಲಿ ಮಕ್ಕಳಿಬ್ಬರ ಸಮವಸ್ತ್ರ, ಗಂಡನ ಬಿಳಿ ಅಂಗಿ, ಅತ್ತೆಯ ಸೀರೆ ಬಚ್ಚಲಲ್ಲಿ ಗುಡ್ಡೆಯಾಗಿ ಕಾಯುತ್ತಿದ್ದವು. ಬೋರಿನ ಸವಳು ನೀರಿಗೆ ನೊರೆ ಏಳುವ ಮಾತೇ ಇಲ್ಲ. ತಿಕ್ಕಿದ್ದೇ ತಿಕ್ಕಿದ್ದು, ಹೊಳೆಯಲ್ಲಿ ಹುಣಿಸೇಹಣ್ಣು ತೊಳೆದ ಹಾಗೆ. ಗುರುವಾರ ಸಂಜೆ ಅವಳು ಎಂದಿನಂತೆ ಮಿಶಿನ್ನಿಗೆ ಬಟ್ಟೆ ತುಂಬಿ ಗುಂಡಿ ತಿರುವಿದ್ದಳು. ಅದು ಒಮ್ಮೆ ಗುಂಯ್ ಎಂದು ಸುಟ್ಟ ವಾಸನೆ ಬಿಟ್ಟು ಸುಮ್ಮನಾಗಿತ್ತು. ಅಲ್ಲಿಂದ ಕೈಯೇ ಮಿಶಿನ್.

ಹಳೆಯ ಮಿಶಿನ್ನೇನೂ ಮಹಾ ಸುಖ ಕೊಟ್ಟಿದ್ದಲ್ಲ. ಎರಡು ತೊಟ್ಟಿಯದು, ಕೊಡದಿಂದ ನೀರು ಹೊಯ್ಯಬೇಕು, ಒಂದರಲ್ಲಿ ತಿರುಗಿದ ಬಟ್ಟೆಯನ್ನು ಎತ್ತಿ ಹಿಂಡಲು ಇನ್ನೊಂದಕ್ಕೆ ಹಾಕಬೇಕು, ಪಕ್ಕದಲ್ಲೇ ಕಾದು ನಿಲ್ಲಬೇಕು. ಅವಳ ಆಸೆ ಹೊಸ ಬಗೆಯದರ ಮೇಲಿತ್ತು. ಅದು ತಾನೇ ನೀರು ಎಳೆದುಕೊಂಡು, ತಾನೇ ಒಗೆದು, ತಾನೇ ಹಿಂಡಿ, ಕೆಲಸ ಮುಗಿಯಿತೆಂದು ಕೂಗಿ ಹೇಳುತ್ತದಂತೆ. ಅದು ತಿರುಗುತ್ತಿರುವಾಗ ತಾನು ಕೂತು, ಚಹಾ ಬಿಸಿ ಇರುವಾಗಲೇ ಕುಡಿಯಬೇಕು. ಮದುವೆಯಾಗಿ ಇಷ್ಟು ವರ್ಷಕ್ಕೆ ಅವಳು ಬೇಡಿದ್ದು ಇಷ್ಟೇ, ಅದನ್ನೂ ಬಾಯಿಬಿಟ್ಟು ಬೇಡಬೇಕಾಗಿ ಬಂದದ್ದಕ್ಕೆ ಅವಳಿಗೆ ಸಿಟ್ಟಿತ್ತು.

ಅಮೀನುದ್ದೀನ ಒಪ್ಪಿದ್ದ. ಶನಿವಾರ ಊಟಕ್ಕೆ ಕೂತಾಗ, "ಹೊಸಾದ ತಂದಬಿಡೂಣು. ಹಳೀದು ಎಷ್ಟ ದಿನಾ ಅಂತ ಎಳಿಯೂದು?" ಅಂದ.

ಅಡ್ಡ ಬಂದವಳು ಅವನ ತಾಯಿ ದಾವಲಬಿ. "ಏನೂ ಬ್ಯಾಡ. ಬಂದೇನವಾಜನ್ನ ಕರಸು, ರಿಪೇರಿ ಮಾಡ್ತಾನ."

"ಅತ್ತಿ, ನಿಮಗ್ಯಾಕ್ರಿ ಅದರ ಚಿಂತಿ?" ಅಂದಳು ನಜಮಾ.

"ಇರೂದನ್ನ ಯಾಕ ಕಳೀಬೇಕು? ಅದರ ಕಿವಿ ಹಿಡದು ತಿರುವಿದ್ರ ಹೇಳಿದ್ದು ಕೇಳತೈತಿ. ಹೊಸಾವು ಕೆಲಸಾ ಮುಗಿಯೂ ತನಕ ಬಾಗಲಾ ಹಾಕ್ಕೊಂಡು ಕುಂದರತಾವ ಅಂತ."

ನಜಮಾಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಈ ಮಿಶಿನ್ ಮನೆಗೆ ಬಂದ ದಿನ ಅದಕ್ಕೆ ಬೆನ್ನು ತಿರುಗಿಸಿ ಕೂತವಳು ಇದೇ ದಾವಲಬಿ. ಮಿಶಿನ್ನಿನಲ್ಲಿ ಒಗೆದದ್ದು ಪಾಕ, ಅಂದರೆ ಶುದ್ಧ, ಆಗುವುದಿಲ್ಲ, ಮೂರು ಸಲ ಹರಿಯುವ ನೀರಲ್ಲಿ ಜಾಲಿಸಿ ಹಿಂಡದ ಬಟ್ಟೆ ನಮಾಜಿಗೆ ನಡೆಯುವುದಿಲ್ಲ ಎಂದು ತನ್ನ ಸೀರೆಯನ್ನು ಮಿಶಿನ್ನಿನಿಂದ ತೆಗೆಸಿ ಮತ್ತೆ ಜಾಲಿಸಿಕೊಂಡವಳು. ಆ ಮತ್ತೆ ಜಾಲಿಸುವ ಕೆಲಸ ಸೊಸೆಯ ಪಾಲಿಗೆ ಬಂದಿತ್ತೆಂದು ಬೇರೆ ಹೇಳಬೇಕಿಲ್ಲ. ಇವತ್ತು ಅದೇ ಮಿಶಿನ್ನಿನ ಮೇಲೆ ಇಂಥ ಅಕ್ಕರೆ. ಮುದುಕಿಗೆ ತನ್ನ ಸುಖ ಕಣ್ಣಲ್ಲಿ ಚುಚ್ಚುತ್ತದೆ, ಬೇರೆ ಕಾರಣವೇ ಇಲ್ಲ ಎಂದು ನಜಮಾ ತೀರ್ಮಾನಿಸಿಬಿಟ್ಟಳು. ದಣಿದ ಮನುಷ್ಯರಿಗೆ ಇಂಥ ತೀರ್ಮಾನಗಳು ಬೇಗ ಬರುತ್ತವೆ.

ತಾಯಿಯ ಮಾತಿಗೆ ಮರ್ಯಾದೆಯೆಂದು ಅಮೀನುದ್ದೀನ ರವಿವಾರ ಬಂದೇನವಾಜನನ್ನು ಕರೆಸಿದ. ಬಂದೇನವಾಜ ಊರಿನ ಫ್ರಿಜ್ಜು, ಮಿಕ್ಸರು, ಮಿಶಿನ್ನುಗಳನ್ನೆಲ್ಲ ಬಿಚ್ಚುವವನು. ಬಿಚ್ಚಿದವುಗಳಲ್ಲಿ ಎಷ್ಟು ಮತ್ತೆ ಕೂಡುತ್ತವೆಂಬುದು ಬೇರೆ ಮಾತು. ಅವನು ಮಿಶಿನ್ನನ್ನು ಮುಂದಿನ ಅಂಗಳಕ್ಕೆ ಎಳೆದು ಬೇವಿನ ನೆರಳಲ್ಲಿ ಮಲಗಿಸಿದ. ಅಮೀನುದ್ದೀನ ಪಕ್ಕದಲ್ಲಿ ನಿಂತ. ದಾವಲಬಿ ಕಟ್ಟೆಯ ಮೇಲೆ ತಸಬಿಯ ಜಪಮಣಿ ಎಣಿಸುತ್ತ ಕೂತಿದ್ದಳು. ನಜಮಾ ಚಹಾ ತಂದು ಕೊಡುವ ಹೊತ್ತಿಗೆ ಅವನು ತೊಟ್ಟಿಯ ತಳದ ಚಕ್ರ ಬಿಚ್ಚಿ, ಅದರ ಕೆಳಗೆ ಸುತ್ತಿಕೊಂಡಿದ್ದ ಏನನ್ನೋ ಇಕ್ಕಳದಿಂದ ಜಗ್ಗುತ್ತಿದ್ದ. ಬಂತು: ಮೊಳದುದ್ದದ ದಪ್ಪ ಬಿಳಿ ದಾರ, ಅದಕ್ಕೆ ಅಂಟಿದ ಕೆಂಪು ಬಟ್ಟೆಯ ಚೂರು.

"ಕೌದಿ ಹಾಕೀರೇನ್ರಿ ಭಾಬಿ ಇದರಾಗ?" ಬಂದೇನವಾಜ ನಕ್ಕ. "ಕೌದಿ ತೊಯ್ದ್ರ ಎಮ್ಮಿ ಕರದಷ್ಟ ಭಾರ ಆಗತೈತ್ರಿ, ಇದು ಹೆಂಗ ತಿರುವಬೇಕು? ಮೋಟರ್ ಸುಟ್ಟು ಕರಕಲಾಗೇತಿ."

ನಾನಲ್ಲ ಎನ್ನಲು ನಜಮಾ ಬಾಯಿ ತೆರೆದಳು. ಕೌದಿ ಎಂದರೆ ಹಳೆಯ ಸೀರೆಗಳನ್ನು ಪದರ ಪದರ ಇಟ್ಟು ಹೊಲಿದದ್ದು, ಅದನ್ನು ಮಿಶಿನ್ನಿಗೆ ತುರುಕುವಷ್ಟು ತಿಳಿಗೇಡಿ ಅವಳಲ್ಲ. ಆದರೆ ಆ ಕೆಂಪು ಚೂರಿನ ಗುರುತು ಅವಳಿಗೆ ಹತ್ತಿತು. ಅದು ಅತ್ತೆಯ ಹಾಸಿಗೆಯ ಕೌದಿಯದು. ಅವಳು ಕಟ್ಟೆಯ ಕಡೆ ನೋಡಿದಳು. ದಾವಲಬಿ ತಲೆ ಎತ್ತಿರಲಿಲ್ಲ, ಆದರೆ ತಸಬಿಯ ಮೇಲಿನ ಬೆರಳು ನಿಂತುಬಿಟ್ಟಿತ್ತು. ಹೊರಗಿನವನ ಮುಂದೆ ಏನು ಹೇಳುವುದು? ನಜಮಾ ತೆರೆದ ಬಾಯಿ ಮುಚ್ಚಿದಳು.

ಸುಮ್ಮನಿದ್ದದ್ದೇ ಒಪ್ಪಿಕೊಂಡ ಹಾಗಾಯಿತು. "ಸಾಲ್ಯಾಗ ಮಕ್ಕಳಿಗೆ ಬುದ್ಧಿ ಹೇಳ್ತಿ, ಮನ್ಯಾಗ ಇದು," ಅಂದ ಅಮೀನುದ್ದೀನ. "ಇಂಥಾ ಕೈಯಾಗ ಹೊಸಾದು ಕೊಟ್ಟು ಏನ್ ಮಾಡೂದು? ಬಂದೇನವಾಜ, ಮೋಟರ್ ಬದಲಿ ಮಾಡಪಾ. ಇದ ಇರಲಿ."

ಬಿಸಿ ಚಹಾದ ಕನಸು ಅಲ್ಲಿಗೇ ತಣ್ಣಗಾಯಿತು. ಅಷ್ಟಕ್ಕೆ ಮುಗಿದಿದ್ದರೆ ನಜಮಾ ನುಂಗಿಕೊಳ್ಳುತ್ತಿದ್ದಳೇನೋ. ಆದರೆ ಹಾಲಿನ ಗುಂಡವ್ವ ಅದೇ ಹೊತ್ತಿಗೆ ಬಂದು, ಇದೇನು ಮಿಶಿನ್ನಿನ ಹೊಟ್ಟೆ ಬಗೆದಿದ್ದೀರಿ ಎಂದು ಕೇಳಿದಳು. ದಾವಲಬಿ ಕೂತಲ್ಲಿಂದಲೇ, "ನಮ್ಮ ಸೊಸಿ ಅದರಾಗ ಕೌದಿ ಹಾಕಿ ಕೆಡಿಸ್ಯಾಳ ನೋಡವಾ. ಕಲತಾಕಿ," ಅಂದಳು.

ನಜಮಾಳ ಮೈಯೆಲ್ಲ ಉರಿದುಹೋಯಿತು. ಇನ್ನೊಂದು ಕ್ಷಣ ಅಲ್ಲಿದ್ದರೆ ಬಾಯಿ ಹಿಡಿತದಲ್ಲಿ ಇರುವುದಿಲ್ಲವೆಂದು ಅವಳು ಹಿತ್ತಲಿಗೆ ನಡೆದಳು. ಮಿಶಿನ್ನಿನಲ್ಲಿ ಹಾಕಿದ ಕೌದಿ ಎಲ್ಲೋ ಇರಲೇಬೇಕಲ್ಲ. ಹೆಚ್ಚು ಹುಡುಕಬೇಕಾಗಲಿಲ್ಲ. ಬಚ್ಚಲ ಗೋಡೆಯ ಹಿಂದೆ, ಲಿಂಬೆಯ ಖಾಲಿ ಚೀಲಗಳ ಅಡಿಯಲ್ಲಿ ಅದು ಮುದ್ದೆಯಾಗಿ ಬಿದ್ದಿತ್ತು, ಇನ್ನೂ ಹಸಿ. ಚೀಲ ಎತ್ತಿದ ಕೂಡಲೇ ಮೂಗಿಗೆ ಬಡಿದ ವಾಸನೆ ಬರೀ ಮುಗ್ಗಲಿನದಲ್ಲ. ಎರಡು ಮಕ್ಕಳನ್ನು ಬೆಳೆಸಿದವಳಿಗೆ ಆ ವಾಸನೆಯನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಹಿಂದೆ ಕಾಲೆಳೆಯುವ ಸಪ್ಪಳವಾಯಿತು. ದಾವಲಬಿ ಗೋಡೆ ಹಿಡಿದುಕೊಂಡು ಬಂದು ನಿಂತಿದ್ದಳು.

"ಹಾಕಿದಾಕಿ ನೀವು, ಹೆಸರು ನಂದು," ಅಂದಳು ನಜಮಾ. "ಗುಂಡವ್ವನ ಮುಂದ ನನ್ನ ಮಾನಾ ಕಳದ್ರಿ. ಇನ್ನ ಊರಿಗೆಲ್ಲಾ ಗೊತ್ತಾಗತೈತಿ."

"ಮೆಲ್ಲಕ ಮಾತಾಡು."

"ಯಾಕ ಮೆಲ್ಲಕ? ನನಗ ಒಂದು ಮಾತ ಹೇಳಿದ್ರ ಒಗದ ಕೊಡತಿದ್ದಿಲ್ಲೇನ ನಾ? ಇಷ್ಟ ದಿನಾ ಯಾರ ಒಗದಾರ್ರಿ ಈ ಮನ್ಯಾಗ?"

ದಾವಲಬಿ ಚೀಲಗಳ ರಾಶಿಯ ಮೇಲೆ ಕುಸಿದು ಕೂತಳು. "ರಮಜಾನ್ ಆದ ಮ್ಯಾಲಿಂದ ಹಿಂಗ ಆಗಾಕತ್ತೈತಿ. ಎಚ್ಚರ ಆಗೂದ್ರಾಗ ಆಗಿ ಹೋಗಿರತೈತಿ. ನೀವೆಲ್ಲಾ ಏಳೂಕಿಂತ ಮೊದಲ ಸೀರಿ ಒಗಕೊಂತಿದ್ದೆ. ಕೌದಿ ಕೈಲೆ ಆಗಲಿಲ್ಲ. ನೀ ಅದರ ಕಿವಿ ತಿರುವೂದು ನೋಡಿದ್ದೆ, ಗುರುವಾರ ನೀ ಸಾಲಿಗೆ ಹೋದ ಮ್ಯಾಲ ಹಾಕಿದೆ. ಹೊಸಾದು ನನಗ ತಿರುವಾಕ ಬರೂದಿಲ್ಲ, ಅದಕ್ಕ ಬ್ಯಾಡ ಅಂದೆ."

"ಹೇಳಬೇಕಿಲ್ರಿ?"

"ಹೇಳಿದ್ರ ತಗಡಿನ ಖೋಲಿಗೆ ಹಾಕ್ತಿದ್ದಿ."

"ಯಾರ ಅಂದಾರ ಹಂಗ?"

"ನೀನ ಅಂದಿ. ಹಾಜಿಮಲಂಗನ ತಾಯಿನ್ನ ಹೊರಗ ಹಾಕಿದಾಗ."

ಪಕ್ಕದ ಮನೆಯ ಹಾಜಿಮಲಂಗ, ಹಾಸಿಗೆಯಲ್ಲೇ ಎಲ್ಲ ಆಗುತ್ತದೆಂದು ತನ್ನ ತಾಯಿಯನ್ನು ಗೇಟಿನ ಪಕ್ಕದ ತಗಡಿನ ಕೋಣೆಗೆ ಹಾಕಿದ್ದ. ತಾಟು ಬೇರೆ, ಲೋಟ ಬೇರೆ. ಶಾಲೆಯಿಂದ ಆಗಷ್ಟೇ ಬಂದು ಬಟ್ಟೆ ಒಣಹಾಕುತ್ತಿದ್ದ ನಜಮಾ ಸುದ್ದಿ ಕೇಳಿ, "ಛಲೋ ಮಾಡ್ಯಾರ ಬಿಡ್ರಿ, ಮನೀತುಂಬ ವಾಸನಿ ತಪ್ಪತು," ಅಂದಿದ್ದಳು. ಅಂದದ್ದು ಗಂಡನಿಗೆ, ಕೇಳಿಸಿಕೊಂಡದ್ದು ಪರದೆಯ ಆಚೆಗಿದ್ದ ಅತ್ತೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಮಾತನ್ನು ಅಂದ ನೆನಪೂ ಅವಳಿಗೆ ಉಳಿದಿರಲಿಲ್ಲ, ಈ ಮುದುಕಿ ಮಾತ್ರ ಅದನ್ನು ಹಾಸಿ ಹೊದ್ದು ಮಲಗಿದ್ದಳು. ನಜಮಾಳಿಗೆ ನಾಚಿಕೆಯಾಯಿತು. ನಾಚಿಕೆಯ ಜೊತೆಗೇ, ಇನ್ನು ಇದೂ ನನ್ನ ಪಾಲಿಗೆ ಎಂಬ ಸುಸ್ತೂ ಆಯಿತು. ಸುಳ್ಳು ಯಾಕೆ ಹೇಳಬೇಕು, ಸುಸ್ತೇ ಹೆಚ್ಚಾಯಿತು.

ಕ್ಷಮಿಸಿ ಎನ್ನುವ ರೂಢಿ ಆ ಮನೆಯಲ್ಲಿ ಯಾರಿಗೂ ಇಲ್ಲ. ಅವಳು ಕೊಡ ಎತ್ತಿ ತಂದಳು, ಕೌದಿಯನ್ನು ಬಚ್ಚಲ ಕಲ್ಲಿನ ಮೇಲೆ ಹರವಿ ಪುಡಿ ಹಾಕಿ ತುಳಿದಳು. ದಾವಲಬಿ ಕೂತಲ್ಲಿಂದ ತಂಬಿಗೆಯಲ್ಲಿ ನೀರು ಸುರಿದಳು. ಮೂರು ಸಲ ನೀರು ಹರಿಸಬೇಕು, ಪ್ರತಿ ಸಲವೂ ಹಿಂಡಬೇಕು. ತೊಯ್ದ ಕೌದಿ ಒಬ್ಬರ ಕೈಗೆ ಬಗ್ಗುವುದಿಲ್ಲ. ಇಬ್ಬರು ಎರಡು ತುದಿ ಹಿಡಿದು ಒಬ್ಬರು ಬಲಕ್ಕೆ, ಒಬ್ಬರು ಎಡಕ್ಕೆ ತಿರುವಿದರೇ ನೀರು ಬಿಡುತ್ತದೆ.

"ಹಿಡೀರಿ ಆ ತುದಿ," ಅಂದಳು ನಜಮಾ.

ದಾವಲಬಿ ಎದ್ದು ಹಿಡಿದಳು. ಎರಡು ಸಲ ಹೇಗೋ ಆಯಿತು. ಮೂರನೆಯ ಸಲಕ್ಕೆ ಮುದುಕಿಯ ಕೈಯಿಂದ ತುದಿ ಮತ್ತೆ ಮತ್ತೆ ಜಾರಿತು. ನಜಮಾಳ ಬೆರಳ ಸಂದಿನಿಂದ ರಕ್ತ ಜಿನುಗಿ ಉರಿಯತೊಡಗಿತು. ಹೊಸ ಮಿಶಿನ್ ಬಂದರೂ ಇದಂತೂ ಅದರಲ್ಲಿ ಹಿಡಿಸುವುದಿಲ್ಲ ಎಂದು ಅವಳಿಗೆ ಹೊಳೆಯಿತು.

ಆಗಲೇ ಅಮೀನುದ್ದೀನ ಹಿತ್ತಲಿಗೆ ಬಂದ. ಮಧ್ಯಾಹ್ನದ ನಮಾಜಿಗೆಂದು ಕೈಕಾಲು ಮುಖ ತೊಳೆದು ವಜೂ ಮಾಡಿ, ಟೊಪ್ಪಿಗೆ ಹಾಕಿ, ತೋಳು ಮಡಿಸಿಕೊಂಡು ಸಿದ್ಧನಾಗಿದ್ದ. "ಒಂದು ಚೀಲಾ ಕೊಡ್ರಿ, ಬಂದೇನವಾಜ ಸುಟ್ಟ ಮೋಟರ್ ಒಯ್ತಾನಂತ," ಎಂದವನು ಇಬ್ಬರ ನಡುವಿನ ಕೌದಿಯನ್ನು ನೋಡಿ ನಿಂತ.

ಅದು ಯಾರ ಕೌದಿ ಎಂದು ಹೇಳುವುದು ನಜಮಾಳ ಹಕ್ಕಾಗಿರಲಿಲ್ಲ.

"ಕೌದಿ ನಂದು," ಅಂದಳು ದಾವಲಬಿ. ದನಿ ಸಣ್ಣದಾಗಿತ್ತು, ಆದರೆ ನಿಲ್ಲಲಿಲ್ಲ. "ಮಿಶಿನ್ಯಾಗ ಹಾಕಿದಾಕಿ ನಾನು. ಹಾಸಿಗ್ಯಾಗ ಆಗಾಕತ್ತೈತಿ ನನಗ. ಆಕಿ ಹೆಸರಿಗೆ ಹಚ್ಚಿದೆ. ಹೊಸಾದ ತಾ ಆಕಿಗೆ. ಆಕಿ ಕೈ ನೋಡು."

ಅಮೀನುದ್ದೀನ ತಾಯಿಯ ಮುಖ ನೋಡಲಾರದೆ ಹೆಂಡತಿಯ ಕೈ ನೋಡಿದ. ಇಷ್ಟು ವರ್ಷ ಆ ಕೈಯ ಅಡುಗೆ ಉಂಡವನು ಅದನ್ನು ನೋಡಿದ್ದು ಅವತ್ತೇ ಇರಬೇಕು. ಆಮೇಲೆ ಮುಂದೆ ಬಂದು ತಾಯಿಯ ಕೈಯಲ್ಲಿದ್ದ ತುದಿಗೆ ಕೈ ಹಾಕಿದ.

ದಾವಲಬಿ ಬಿಡಲಿಲ್ಲ. "ಬ್ಯಾಡೋ. ವಜೂ ಮಾಡಿದಿ. ಇದಿನ್ನೂ ಪಾಕ ಆಗಿಲ್ಲ, ಇನ್ನೊಂದ ಸಲ ಹಿಂಡಬೇಕು. ಬಟ್ಟಿ ಹೊಲಸಾಗತಾವ."

"ಮತ್ತ ತೊಳಕೊಂತೇನಿ, ಬಿಡವ್ವಾ."

ಅವಳ ಬೆರಳುಗಳನ್ನು ಅವನೇ ಒಂದೊಂದಾಗಿ ಬಿಡಿಸಿ ತುದಿ ಹಿಡಿದ. ಹುಟ್ಟಿದಾಗಿನಿಂದ ಒಂದು ಕರವಸ್ತ್ರವನ್ನೂ ಹಿಂಡದ ಗಂಡಸು. ನಜಮಾ ತಿರುವಿದ ಕಡೆಗೇ ತಾನೂ ತಿರುವಿದ. ಕೌದಿ ಸುಮ್ಮನೆ ಉರುಳಿತು, ಒಂದು ಹನಿ ಬೀಳಲಿಲ್ಲ.

"ಆ ಕಡೆ ಅಲ್ರಿ," ಅಂದಳು ನಜಮಾ. "ಈ ಕಡೆ."

ಅವನು ತಿದ್ದಿಕೊಂಡ. ನೀರು ಧಾರೆಯಾಗಿ ಅವನ ಬಿಳಿ ಪೈಜಾಮದ ಮೇಲೇ ಬಿತ್ತು. ದಾವಲಬಿ ಖಾಲಿ ಕೈಗಳನ್ನು ಸೆರಗಿಗೆ ಒರೆಸಿಕೊಳ್ಳುತ್ತ ನಿಂತಳು, ಎಷ್ಟು ಒರೆಸಿದರೂ ನಿಲ್ಲಿಸಲಿಲ್ಲ. ಮಸೀದಿಯಿಂದ ನಮಾಜಿಗೆ ಕರೆಯುವ ಬಾಂಗು ಕೇಳಿಸಿತು.

"ಹೋಗಪಾ, ಹೊತ್ತಾತು," ಅಂದಳು.

"ಇನ್ನೂ ನೀರ ಐತವ್ವಾ," ಅಂದ ಅಮೀನುದ್ದೀನ, ಮತ್ತೊಂದು ಸುತ್ತು ತಿರುವುತ್ತ.